ಹೆಸರು, ನೆಲೆ, ಪ್ರಾಮಾಣ್ಯ: ಗಣಕಯಂತ್ರಗಳಲ್ಲಿ ಪ್ರೋಗ್ರಾಮುಗಳ ಶೋಧಕ್ರಮವನ್ನು ಕುರಿತು ಒಂದು ವಿಮರ್ಶೆ

೧

ಹೆಸರು ಸಿಕ್ಕಿತೆಂದ ಮಾತ್ರಕ್ಕೆ ವಸ್ತು ಸಿಕ್ಕಿದಂತಾಗಲಿಲ್ಲವೆಂಬುದು ಇತಿಹಾಸದ ವಿದ್ಯಾರ್ಥಿಯು ಮೊಟ್ಟಮೊದಲು ಕಲಿಯಬೇಕಾದ ಪಾಠಗಳಲ್ಲೊಂದು. ಹಿಂದಿನ ರೋಣ ತಾಲೂಕಿನಲ್ಲಿ ಇಟಗಿ ಎಂಬ ಊರಿದೆ. ಭೀಮಾಂಬಿಕೆಯ ಕ್ಷೇತ್ರವೆಂದು ಅದು ಪ್ರಸಿದ್ಧವಾಗಿದೆ. ಅದೇ ಹೆಸರಿನ ಇನ್ನೊಂದು ಊರು ನೆರೆಯ ಕೊಪ್ಪಳ ಜಿಲ್ಲೆಯಲ್ಲಿದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಸುಪ್ರಸಿದ್ಧ ದೇವಾಲಯವಿರುವುದು ಆ ಇಟಗಿಯಲ್ಲಿ. ೧೯೫೬ರ ವರೆಗೆ ಮೊದಲನೆಯದು ಮುಂಬಯಿ ರಾಜ್ಯಕ್ಕೂ ಎರಡನೆಯದು ಹೈದರಾಬಾದ್ ರಾಜ್ಯಕ್ಕೂ ಸೇರಿದ್ದವು. ಧಾರವಾಡದ ಕಚೇರಿಯಲ್ಲಿ ಇಟಗಿಯೆಂದರೆ ಒಂದು ಊರು, ರಾಯಚೂರಿನ ಕಚೇರಿಯಲ್ಲಿ ಇಟಗಿಯೆಂದರೆ ಮತ್ತೊಂದು. ಹೆಸರು ಅದೇ ಉಳಿಯಿತು. ಹುಡುಕುವವನು ಯಾವ ಕಚೇರಿಯಲ್ಲಿ ನಿಂತಿದ್ದಾನೆಂಬುದರ ಮೇಲೆ ಊರು ಬೇರೆಯಾಯಿತು. ನರೇಗಲ್ಲಿನ ವಿಷಯವೂ ಹೀಗೆಯೇ. ರೋಣದ ಕಡೆಯ ನರೇಗಲ್ಲಿನ ಜೈನ ಬಸದಿಯನ್ನು ನೋಡಹೊರಟವನು ಹಾನಗಲ್ಲು ತಾಲೂಕಿನ ನರೇಗಲ್ಲಿಗೆ ಹೋದರೆ ಅಲ್ಲಿ ಸರ್ವೇಶ್ವರನ ಗುಡಿಯನ್ನು ಕಂಡು ಬರಬೇಕಾದೀತು.

ಈ ಬಗೆಯ ಗೊಂದಲವು ಊರುಗಳ ಹೆಸರುಗಳಿಗಷ್ಟೇ ಸೀಮಿತವಾದುದಲ್ಲ. ನಮ್ಮ ವಿದ್ಯಾರ್ಥಿಗಳು ಇಂದು ಶಾಸನಗಳ ಚಿತ್ರಗಳನ್ನು ಕಾಪಿಡುವುದಕ್ಕೂ ಊರಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದಕ್ಕೂ ಗಣಕಯಂತ್ರವನ್ನೇ ಆಶ್ರಯಿಸಿದ್ದಾರೆ. ಆ ಯಂತ್ರಕ್ಕೆ ಒಂದು ಕೆಲಸವನ್ನು ಒಪ್ಪಿಸುವಾಗ ಅವರು ಕೊಡುವುದು ಬಹುಮಟ್ಟಿಗೆ ಪ್ರೋಗ್ರಾಮಿನ ಬರಿಯ ಹೆಸರನ್ನು. ಆ ಹೆಸರಿನ ಪ್ರೋಗ್ರಾಮನ್ನು ಹುಡುಕಿ ನಡೆಸುವ ಹೊಣೆಯನ್ನು ಯಂತ್ರದ ಆಪರೇಟಿಂಗ್ ಸಿಸ್ಟಂ ಹೊರುತ್ತದೆ. ಎಲ್ಲಿ ಹುಡುಕಿತು, ಏನು ಸಿಕ್ಕಿತು, ಸಿಕ್ಕಿದುದು ನಾವು ಬಯಸಿದುದೇ ಎಂಬ ಮೂರು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಆಕರವನ್ನು ಪರೀಕ್ಷಿಸದೆ ಒಂದು ವಾಕ್ಯವನ್ನೂ ಬರೆಯಬಾರದೆಂದು ಬೋಧಿಸುವ ನಮ್ಮ ಶಾಸ್ತ್ರವು ಉಪಕರಣದ ವಿಷಯದಲ್ಲಿ ಹೀಗೆ ಕಣ್ಣು ಮುಚ್ಚಿಕೊಂಡಿರುವುದು ಉಚಿತವಲ್ಲವೆಂಬುದೇ ಈ ಲೇಖನದ ವಾದ.

೨

ಶೋಧಕ್ರಮಕ್ಕೂ ಒಂದು ಇತಿಹಾಸವುಂಟು. ೧೯೭೧ರಲ್ಲಿ ಮೊದಲ ಆವೃತ್ತಿಯಾಗಿ ಹೊರಬಂದ ಯುನಿಕ್ಸ್ ವ್ಯವಸ್ಥೆಯ ಆರಂಭದ ವರ್ಷಗಳಲ್ಲಿ ಕ್ರಮವು ಸರಳವಾಗಿದ್ದಿತು. ಬಳಕೆದಾರನು ಹೆಸರೊಂದನ್ನು ಬರೆದರೆ ವ್ಯವಸ್ಥೆಯು ಮೊದಲು ಅವನು ನಿಂತ ಫೋಲ್ಡರಿನಲ್ಲಿಯೇ ನೋಡುತ್ತಿದ್ದಿತು. ಅಲ್ಲಿ ಇಲ್ಲವಾದರೆ ‘ಬಿನ್’ ಎಂಬ ನಿಯತವಾದ ಫೋಲ್ಡರಿನಲ್ಲಿಯೂ, ಬಳಿಕ ‘ಯೂಸರ್’ ಎಂಬುದರೊಳಗಿನ ಇನ್ನೊಂದು ‘ಬಿನ್’ನಲ್ಲಿಯೂ ನೋಡುತ್ತಿದ್ದಿತು. ೧೯೭೯ರ ಏಳನೆಯ ಆವೃತ್ತಿಯ ಹೊತ್ತಿಗೆ ಈ ಕ್ರಮವು ಬಳಕೆದಾರನೇ ತಿದ್ದಬಹುದಾದ ಒಂದು ಪಟ್ಟಿಯಾಯಿತು. ಅದಕ್ಕೆ ‘ಪಾತ್’ ಎಂದು ಹೆಸರು. ನಾವು ಶೋಧಪಟ್ಟಿಯೆಂದು ಕರೆಯೋಣ. ಆ ಪಟ್ಟಿಯ ಆರಂಭದಲ್ಲಿ ಒಂದು ತೆರಪು ಸ್ಥಾನವಿರುತ್ತಿದ್ದಿತು. ಬರಿದಾದ ಆ ಸ್ಥಾನಕ್ಕೆ ‘ನಾನು ಈಗ ನಿಂತಿರುವ ಫೋಲ್ಡರು’ ಎಂದು ಅರ್ಥ. ಏನೂ ಬರೆಯದೆ ಬಿಟ್ಟ ಜಾಗವು ಇಷ್ಟು ದೊಡ್ಡ ಅಧಿಕಾರವನ್ನು ಸೂಚಿಸುವ ನಿದರ್ಶನವು ನಮ್ಮ ಕಂದಾಯದ ಕಾಗದಪತ್ರಗಳಲ್ಲಿಯೂ ದುರ್ಲಭ.

೧೯೮೩ರಲ್ಲಿ ಬಂದ ಎಂಎಸ್-ಡಾಸ್‌ನ ಎರಡನೆಯ ಆವೃತ್ತಿಯು ಫೋಲ್ಡರುಗಳನ್ನೂ ಶೋಧಪಟ್ಟಿಯನ್ನೂ ಅಳವಡಿಸಿಕೊಂಡಿತು. ಆದರೆ ಪಟ್ಟಿಯಲ್ಲಿ ಏನೇ ಇರಲಿ, ನಿಂತ ಫೋಲ್ಡರನ್ನೇ ಮೊದಲು ನೋಡುವ ಪದ್ಧತಿಯನ್ನು ಉಳಿಸಿಕೊಂಡಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್‌ಗೂ ಈ ಪದ್ಧತಿ ಪಿತ್ರಾರ್ಜಿತವಾಗಿ ಬಂದಿತು. ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಮು ಮತ್ತೊಂದನ್ನು ಬರಿಯ ಹೆಸರಿನಿಂದ ಕರೆದಾಗ ಆ ವ್ಯವಸ್ಥೆಯು ಮೊದಲು ಕರೆದ ಪ್ರೋಗ್ರಾಮು ಇರುವ ಫೋಲ್ಡರನ್ನು, ಬಳಿಕ ಪ್ರಸ್ತುತ ಫೋಲ್ಡರನ್ನು, ಆಮೇಲೆ ವ್ಯವಸ್ಥೆಯ ಸ್ವಂತ ಫೋಲ್ಡರುಗಳನ್ನು, ಕಟ್ಟಕಡೆಗೆ ಶೋಧಪಟ್ಟಿಯನ್ನು ನೋಡುತ್ತದೆ.

ಆ ಕಾಲಕ್ಕೆ ಇದು ಅವಿವೇಕವಾಗಿರಲಿಲ್ಲವೆಂಬುದನ್ನು ನಾವು ಒಪ್ಪಬೇಕು. ಒಬ್ಬನೇ ಬಳಕೆದಾರ, ಅವನ ಕೈಯಲ್ಲಿದ್ದ ಒಂದು ಫ್ಲಾಪಿ. ಅದರೊಳಗಿನ ಪ್ರೋಗ್ರಾಮುಗಳನ್ನು ಅವನೇ ತಂದಿಟ್ಟವನು. ಎದುರಿಗಿದ್ದುದನ್ನು ಮೊದಲು ನೋಡುವುದು ಸಹಜವೇ ಆಗಿದ್ದಿತು. ಹಿತ್ತಲ ಗಿಡ ಮದ್ದಲ್ಲವೆಂಬುದು ಗಾದೆ. ಈ ವ್ಯವಸ್ಥೆಗಳಿಗಾದರೋ ಹಿತ್ತಲ ಗಿಡವೇ ಮೊದಲ ಮದ್ದು. ಆದರೆ ಹಿತ್ತಲಿಗೆ ಬೇಲಿಯಿದ್ದಾಗ ಸಲ್ಲುವ ಪದ್ಧತಿಯು ಬೇಲಿ ಹೋದ ಮೇಲೆ ಸಲ್ಲದು. ಇಂದು ಫೋಲ್ಡರಿನೊಳಗಿನ ಕಡತಗಳು ಅಂತರ್ಜಾಲದಿಂದಲೋ, ಸ್ನೇಹಿತರ ಪೆನ್‌ಡ್ರೈವಿನಿಂದಲೋ, ಹತ್ತು ಜನ ಬಳಸುವ ಪ್ರಯೋಗಶಾಲೆಯ ಯಂತ್ರದಿಂದಲೋ ಬಂದಿರುತ್ತವೆ. ಅಪರಿಚಿತನೊಬ್ಬನು ಆ ಫೋಲ್ಡರಿನಲ್ಲಿ ಸುಪರಿಚಿತವಾದ ಹೆಸರಿನ ಪ್ರೋಗ್ರಾಮೊಂದನ್ನು ಇಟ್ಟಿದ್ದರೆ, ಹೆಸರನ್ನು ಕರೆದವನು ನಡೆಸುವುದು ಅದನ್ನೇ. ಅದೂ ಕರೆದವನ ಸಕಲ ಅಧಿಕಾರಗಳೊಡನೆ.

ಇದು ಕೇವಲ ಊಹೆಯಲ್ಲ. ಪೈಥಾನ್ ಭಾಷೆಯವರು ಬಳಸುವ ‘ಗಿಟ್‌ಪೈಥಾನ್’ ಎಂಬ ಉಪಕರಣಸಂಚಯದಲ್ಲಿ ಈ ದೋಷವು ೨೦೨೩ರಲ್ಲಿ ಬಹಿರಂಗವಾಯಿತು. ಪರರಿಂದ ತಂದ ಸಂಗ್ರಹವೊಂದರಲ್ಲಿ ‘ಗಿಟ್’ ಎಂಬ ಹೆಸರಿನ ಪ್ರೋಗ್ರಾಮು ಅಡಗಿದ್ದು, ಆ ಸಂಗ್ರಹದೊಳಗೆ ನಿಂತು ಕೆಲಸ ಮಾಡಿದರೆ, ವಿಂಡೋಸ್‌ನಲ್ಲಿ ನಿಜವಾದ ಗಿಟ್‌ಗೆ ಬದಲು ಅದೇ ನಡೆಯುತ್ತಿದ್ದಿತು. ಗೋ ಭಾಷೆಯ ಉಪಕರಣವೇ ಇಂಥ ದೋಷಕ್ಕಾಗಿ ೨೦೨೧ರಲ್ಲಿ ತಿದ್ದುಪಡಿಯಾಗಬೇಕಾಯಿತು.

೩

ಇಲ್ಲಿ ರೋಣದ ಪ್ರಾಂತದ್ದೇ ಆದ ಒಂದು ಪ್ರಸಿದ್ಧ ಪ್ರಕರಣವನ್ನು ಸ್ಮರಿಸಿಕೊಳ್ಳುವುದು ಪ್ರಯೋಜನಕರವಾದೀತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯಿದ್ದ ಊರೆಂದು ಖ್ಯಾತವಾದ ಸೂಡಿಯಲ್ಲಿ ಅಕ್ಕಾದೇವಿಯ ಆಳ್ವಿಕೆಯನ್ನು ತಿಳಿಸುವ ಹನ್ನೊಂದನೆಯ ಶತಮಾನದ ಶಿಲಾಶಾಸನಗಳಿವೆ. ಅದೇ ಸೂಡಿಯಲ್ಲಿ ಒಂದು ತಾಮ್ರಪಟವೂ ದೊರೆಯಿತು. ಗಂಗರ ಬೂತುಗನು ಶಕವರ್ಷ ೮೬೦ರಲ್ಲಿ, ಎಂದರೆ ಕ್ರಿ. ಶ. ೯೩೮ರಲ್ಲಿ, ಹೊರಡಿಸಿದುದೆಂದು ಅದು ತನ್ನನ್ನು ಹೇಳಿಕೊಳ್ಳುತ್ತದೆ. ಅದನ್ನು ‘ಎಪಿಗ್ರಾಫಿಯ ಇಂಡಿಕ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ಅವರು ಶೀರ್ಷಿಕೆಯಲ್ಲಿಯೇ ಅದನ್ನು ಕೂಟಶಾಸನವೆಂದು ಕರೆದರು. ಗಂಗರ ತಾಮ್ರಪಟಗಳ ಪ್ರಾಮಾಣ್ಯವನ್ನು ಕುರಿತು ಫ್ಲೀಟ್ ಅವರಿಗೂ ಬಿ. ಎಲ್. ರೈಸ್ ಅವರಿಗೂ ನಡೆದ ದೀರ್ಘವಾದವು ವಾಚಕರಿಗೆ ತಿಳಿದದ್ದೇ. ಆ ವಾದದ ತೀರ್ಮಾನ ಇಲ್ಲಿ ನಮಗೆ ಪ್ರಸ್ತುತವಲ್ಲ. ಅದರ ಹಿಂದಿನ ವಿವೇಕ ಪ್ರಸ್ತುತ. ರಾಜನ ಹೆಸರಿದೆ, ವಂಶಾವಳಿಯಿದೆ, ತಿಥಿಯಿದೆ ಎಂಬಷ್ಟರಿಂದಲೇ ಪಟವು ಆ ರಾಜನದಾಗಲಿಲ್ಲ. ಒಂದು ದಾಖಲೆಯು ತನ್ನ ವಿಷಯದಲ್ಲಿ ತಾನೇ ನುಡಿಯುವ ಸಾಕ್ಷ್ಯವನ್ನು ಲಿಪಿ, ಕಾಲ, ನೆಲೆ ಮುಂತಾದ ಬೇರೆ ಸಾಕ್ಷ್ಯಗಳಿಂದ ಒರೆಗೆ ಹಚ್ಚಬೇಕು.

ನೆಟ್ಟ ಶಿಲಾಶಾಸನವು ಸಾಮಾನ್ಯವಾಗಿ ತನ್ನ ಸ್ಥಾನದಲ್ಲಿರುತ್ತದೆ. ತಾಮ್ರಪಟವು ಕೈಯಿಂದ ಕೈಗೆ ಸಾಗುತ್ತದೆ. ನೆಲೆಯಿಂದ ದೊರೆಯುವ ಸಾಕ್ಷ್ಯವು ಮೊದಲನೆಯದರಲ್ಲಿ ಬಲವಾದುದು, ಎರಡನೆಯದರಲ್ಲಿ ದುರ್ಬಲವಾದುದು. ಪ್ರೋಗ್ರಾಮುಗಳಲ್ಲಿಯೂ ಈ ಭೇದವನ್ನು ಮಾಡಬೇಕು. ವ್ಯವಸ್ಥಾಪಕನು ಮಾತ್ರ ಬರೆಯಬಲ್ಲ ಫೋಲ್ಡರಿನಲ್ಲಿ ಸ್ಥಾಪಿತವಾದ ಪ್ರೋಗ್ರಾಮು ನೆಟ್ಟ ಕಲ್ಲಿನಂತೆ. ಪೆನ್‌ಡ್ರೈವಿನಲ್ಲಿ ಬಂದುದು ತಾಮ್ರಪಟದಂತೆ. ತಾಮ್ರಪಟವೆಲ್ಲ ಕೂಟವೆಂದು ನಾವು ಹೇಳುವುದಿಲ್ಲ. ಪರೀಕ್ಷೆಯಿಲ್ಲದೆ ಅದನ್ನು ಶಿಲಾಶಾಸನಕ್ಕಿಂತ ಮೊದಲು ನಂಬಬಾರದೆನ್ನುತ್ತೇವೆ. ನಿಂತ ಫೋಲ್ಡರನ್ನು ಮೊದಲು ನೋಡುವ ಶೋಧಕ್ರಮವಾದರೋ ತಾಮ್ರಪಟಕ್ಕೆ ಅಗ್ರಪೂಜೆಯನ್ನು ಸಲ್ಲಿಸುತ್ತದೆ.

ಪರೀಕ್ಷೆಯ ಕ್ರಮದಲ್ಲಿಯೂ ಒಂದು ಸೂಕ್ಷ್ಮವಿದೆ. ‘ನಿನ್ನ ಆವೃತ್ತಿ ಯಾವುದು?’ ಎಂದು ಪ್ರೋಗ್ರಾಮನ್ನೇ ಕೇಳಿ ತಿಳಿಯುವ ರೂಢಿಯು ವ್ಯಾಪಕವಾಗಿದೆ. ಆದರೆ ಆ ಪ್ರಶ್ನೆಗೆ ಉತ್ತರಿಸಬೇಕಾದರೆ ಪ್ರೋಗ್ರಾಮು ಆಗಲೇ ನಡೆಯಬೇಕು. ವೇಷಧಾರಿಯನ್ನು ಒಳಗೆ ಕರೆದು ಕೂರಿಸಿದ ಮೇಲೆ ಅವನ ಹೆಸರನ್ನು ಕೇಳಿದಂತೆ ಇದು. ಆದುದರಿಂದ ಎಲ್ಲಿದೆ, ಅಲ್ಲಿ ಬರೆಯುವ ಅಧಿಕಾರ ಯಾರಿಗಿದೆ ಎಂಬ ಪರೀಕ್ಷೆ ಮೊದಲು. ಆವೃತ್ತಿಯ ವಿಚಾರಣೆ ಆಮೇಲೆ.

೪

ದುರುದ್ದೇಶವಿಲ್ಲದೆಡೆಯಲ್ಲಿಯೂ ತಪ್ಪು ಸಂಭವಿಸುತ್ತದೆ. ವ್ಯವಸ್ಥೆಯಿಂದ ವ್ಯವಸ್ಥೆಗೆ ಹೋದಾಗ ಒಂದೇ ಹೆಸರು ಬೇರೆ ಬೇರೆ ವಸ್ತುಗಳನ್ನು ಸೂಚಿಸುವುದೇ ಇದಕ್ಕೆ ಕಾರಣ. ಚಿತ್ರಗಳನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ತರುವ ‘ಇಮೇಜ್‌ಮ್ಯಾಜಿಕ್’ ಸಂಚಯದಲ್ಲಿ ‘ಕನ್ವರ್ಟ್’ ಎಂಬ ಪ್ರೋಗ್ರಾಮು ಬಹುಕಾಲದಿಂದ ಬಳಕೆಯಲ್ಲಿದೆ; ಶಾಸನಗಳ ಛಾಯಾಚಿತ್ರಗಳನ್ನು ಹದಗೊಳಿಸುವವರಿಗೆ ಅದು ಒಳ್ಳೆಯ ಸಾಧನ. ವಿಂಡೋಸ್‌ನಲ್ಲಿಯೂ ‘ಕನ್ವರ್ಟ್’ ಎಂಬ ಪ್ರೋಗ್ರಾಮು ಸಹಜವಾಗಿಯೇ ಇದೆ. ಅದರ ಕೆಲಸವಾದರೋ ಡಿಸ್ಕಿನ ವಿಭಾಗದ ವಿನ್ಯಾಸವನ್ನೇ ಪರಿವರ್ತಿಸುವುದು. ೨೦೧೬ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಇಮೇಜ್‌ಮ್ಯಾಜಿಕ್‌ನವರು ‘ಮ್ಯಾಜಿಕ್’ ಎಂಬ ಬೇರೆಯ ಆಜ್ಞೆಯನ್ನು ಮುಂದಿಟ್ಟುದು ವಿವೇಕದ ಕೆಲಸ. ‘ಫೈಂಡ್’ ಎಂಬುದು ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಕಡತಗಳನ್ನೇ ಹುಡುಕುತ್ತದೆ. ವಿಂಡೋಸ್‌ನಲ್ಲಿ ಕಡತದೊಳಗಿನ ಅಕ್ಷರಗಳನ್ನು ಹುಡುಕುತ್ತದೆ.

ಇವೆರಡೂ ತಪ್ಪಿದಾಗ ಬಹುಶಃ ದೋಷಸೂಚನೆಯನ್ನಾದರೂ ಕೊಡುತ್ತವೆ. ಮೌನವಾಗಿ ತಪ್ಪುವುದು ಇನ್ನೂ ಅಪಾಯಕರ. ‘ಸಾರ್ಟ್’ ಎಂಬ ಹೆಸರು ಎರಡೂ ಕಡೆ ಇದೆ, ಎರಡೂ ಕಡೆ ಸಾಲುಗಳನ್ನು ಜೋಡಿಸುತ್ತದೆ. ಆದರೆ ಕನ್ನಡದ ಊರಹೆಸರುಗಳನ್ನು ಕೊಟ್ಟರೆ ಒಂದೇ ಅನುಕ್ರಮ ಬಂದೀತೆಂದು ನಂಬುವಂತಿಲ್ಲ. ಹೀಗೆ ತಯಾರಾದ ಪಟ್ಟಿಯು ಸಂಶೋಧನ ಪ್ರಬಂಧವೊಂದರ ಅನುಬಂಧವಾಗಿ ಸೇರಿದರೆ, ಮುಂದಿನ ವಿದ್ಯಾರ್ಥಿಯು ಅದನ್ನು ಪುನಃ ಸಿದ್ಧಪಡಿಸಲು ಹೊರಟಾಗ ವ್ಯತ್ಯಾಸವೇಕೆ ಬಂದಿತೆಂದು ತಿಳಿಯದೆ ತೊಳಲಬೇಕಾಗುತ್ತದೆ.

ಹೆಸರುಗಳ ಬರಹದಲ್ಲಿಯೂ ಭೇದಗಳಿವೆ. ೧೭೮೫ರಲ್ಲಿ ಟಿಪ್ಪುವಿನ ಸೈನ್ಯವು ನರಗುಂದವನ್ನು ಮುತ್ತಿದುದು, ೧೭೮೭ರ ಗಜೇಂದ್ರಗಡದ ಒಪ್ಪಂದ, ೧೮೫೮ರ ನರಗುಂದದ ದಂಗೆ, ಇವುಗಳ ಆಕರಗಳನ್ನು ಅರಸುವವರು ನರಗುಂದಕ್ಕೆ ‘ನುರ್ಗೂಂಡ್’ ಎಂಬ ಆಂಗ್ಲರ ಬರಹವನ್ನೂ ನೆನಪಿನಲ್ಲಿಡಬೇಕಾಗುತ್ತದೆ. ಗಣಕದಲ್ಲಿ, ಲಿನಕ್ಸ್ ವ್ಯವಸ್ಥೆಯು ಆಂಗ್ಲದ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಬೇರೆ ಬೇರೆಯೆಂದು ಎಣಿಸುತ್ತದೆ. ವಿಂಡೋಸ್ ಒಂದೇ ಎಂದು ಎಣಿಸುತ್ತದೆ. ಲಿನಕ್ಸ್‌ನಲ್ಲಿ ಕಡತಕ್ಕೆ ‘ನಡೆಸಬಹುದು’ ಎಂಬ ಅನುಮತಿಯಿದ್ದರೆ ಮಾತ್ರ ಅದು ಪ್ರೋಗ್ರಾಮು. ವಿಂಡೋಸ್‌ನಲ್ಲಿ ಹೆಸರಿನ ಬಾಲದಲ್ಲಿರುವ ‘ಎಕ್ಸ್‌ಇ’, ‘ಬ್ಯಾಟ್’ ಮುಂತಾದ ಪ್ರತ್ಯಯಗಳು ಅದನ್ನು ನಿರ್ಣಯಿಸುತ್ತವೆ.

ಪದವಿಭಾಗದ ತೊಡಕೂ ಇದೆ. ಪದಗಳ ನಡುವೆ ತೆರಪಿಲ್ಲದ ಶಾಸನಪಾಠವನ್ನು ತಪ್ಪಾಗಿ ಒಡೆದರೆ ಅರ್ಥವೇ ಕೆಡುವುದನ್ನು ನಾವು ಬಲ್ಲೆವು. ವಿಂಡೋಸ್‌ನಲ್ಲಿ ಇದಕ್ಕೆ ವಿಪರ್ಯಯವಾದ ಸಂಕಟ. ‘ಪ್ರೋಗ್ರಾಮ್ ಫೈಲ್ಸ್’ ಎಂಬ ಫೋಲ್ಡರಿನ ಹೆಸರಿನ ನಡುವೆ ತೆರಪು ಇದೆ. ಉದ್ಧರಣ ಚಿಹ್ನೆಗಳಿಲ್ಲದೆ ಆ ವಿಳಾಸವನ್ನು ಆಜ್ಞೆಯಾಗಿ ಕೊಟ್ಟರೆ, ವ್ಯವಸ್ಥೆಯು ತೆರಪಿನಲ್ಲಿಯೇ ಒಡೆದು ‘ಪ್ರೋಗ್ರಾಮ್’ ಎಂಬ ಹೆಸರಿನ ಪ್ರೋಗ್ರಾಮೊಂದು ಇದೆಯೇ ಎಂದು ಮೊದಲು ನೋಡುವ ಸಂದರ್ಭಗಳುಂಟು.

೫

‘ಹಾಗಾದರೆ ಬರಿಯ ಹೆಸರನ್ನು ಬಿಟ್ಟು ಯಾವಾಗಲೂ ಪೂರ್ಣ ವಿಳಾಸವನ್ನೇ ಬರೆದರೆ ಸಾಲದೆ?’ ಎಂದು ವಾಚಕರು ಕೇಳಬಹುದು. ಈ ಪರಿಹಾರವನ್ನು ಅನೇಕರು ಸೂಚಿಸುತ್ತಾರೆ. ಒಂದೇ ಯಂತ್ರದಲ್ಲಿ ಅದು ಸಾಲಬಹುದು. ಆದರೆ ವಿಳಾಸಗಳೂ ಶಾಶ್ವತವಲ್ಲ. ಹಳೆಯ ಶಾಸನಸಂಪುಟಗಳಲ್ಲಿ ಧಾರವಾಡ ಜಿಲ್ಲೆ, ರೋಣ ತಾಲೂಕು ಎಂದು ನಮೂದಾದ ಊರನ್ನು ಇಂದಿನ ವಿದ್ಯಾರ್ಥಿಯು ಅದೇ ವಿಳಾಸದಲ್ಲಿ ಹುಡುಕಿದರೆ ಕಾಣಲಾರ. ೧೯೯೭ರಲ್ಲಿ ಗದಗ ಜಿಲ್ಲೆಯು ಬೇರೆಯಾಯಿತು. ಆಮೇಲೆ ಗಜೇಂದ್ರಗಡವು ರೋಣದಿಂದ ಬೇರ್ಪಟ್ಟು ತಾನೇ ತಾಲೂಕಾಯಿತು. ಊರು ಕದಲಲಿಲ್ಲ, ವಿಳಾಸ ಕದಲಿತು. ಮ್ಯಾಕ್ ಯಂತ್ರಗಳಲ್ಲಿ ‘ಹೋಮ್‌ಬ್ರೂ’ ಎಂಬ ಸಂಚಯದ ಪ್ರೋಗ್ರಾಮುಗಳು ‘ಯೂಸರ್’ ಫೋಲ್ಡರಿನೊಳಗಿನ ‘ಲೋಕಲ್’ನಲ್ಲಿ ನೆಲೆಸಿದ್ದವು, ೨೦೨೦ರಲ್ಲಿ ಆಪಲ್ ಸಂಸ್ಥೆಯು ತನ್ನದೇ ಸಂಸ್ಕಾರಕವುಳ್ಳ ಯಂತ್ರಗಳನ್ನು ತಂದ ಮೇಲೆ ಆ ಯಂತ್ರಗಳಲ್ಲಿ ಅವುಗಳ ನೆಲೆಯು ‘ಆಪ್ಟ್’ ಎಂಬ ಬೇರೊಂದು ಫೋಲ್ಡರಿನೊಳಗಾಯಿತು. ಹಳೆಯ ವಿಳಾಸವನ್ನು ನಂಬಿ ಬರೆದ ಆಜ್ಞೆಗಳು ಅಲ್ಲಿ ನಿಷ್ಫಲವಾದವು. ಆದುದರಿಂದ ಶೋಧವನ್ನೇ ಬಿಟ್ಟುಬಿಡುವುದು ಪರಿಹಾರವಲ್ಲ. ಶೋಧವನ್ನು ಶಿಸ್ತಿಗೆ ಒಳಪಡಿಸುವುದು ಪರಿಹಾರ.

ಈ ದೃಷ್ಟಿಯಿಂದ ಇತ್ತೀಚಿನ ಸುಧಾರಣೆಗಳನ್ನು ಪರಿಶೀಲಿಸೋಣ. ೨೦೦೬ರಲ್ಲಿ ಬಂದ ವಿಂಡೋಸ್ ಪವರ್‌ಶೆಲ್, ನಿಂತ ಫೋಲ್ಡರಿನ ಪ್ರೋಗ್ರಾಮನ್ನು ಬರಿಯ ಹೆಸರಿನಿಂದ ನಡೆಸಲು ಒಪ್ಪುವುದಿಲ್ಲ; ‘ಇಲ್ಲಿಯದೇ ಬೇಕು’ ಎಂದು ಚುಕ್ಕೆಯ ಗುರುತಿನಿಂದ ಸ್ಪಷ್ಟಪಡಿಸಬೇಕು. ಇದು ಸಾಧುವಾದ ಕ್ರಮ. ಹಳೆಯ ಆಜ್ಞಾಪಟಲದಲ್ಲಿಯಾದರೋ ಹಳೆಯ ಪದ್ಧತಿಯೇ ಉಳಿದಿದೆ. ಅದನ್ನು ನಿಲ್ಲಿಸುವ ಸೂಚಕವೊಂದನ್ನು ಬೇಕೆಂದವರು ತಾವೇ ಹೊಂದಿಸಿಕೊಳ್ಳಬೇಕು. ಅಪಾಯವು ತಾನಾಗಿ ದೊರೆಯುತ್ತದೆ, ರಕ್ಷಣೆಯನ್ನು ಕೇಳಿ ಪಡೆಯಬೇಕು. ಈ ವ್ಯವಸ್ಥೆಯನ್ನು ನಾವು ಒಪ್ಪಲಾರೆವು.

ಪೈಥಾನ್ ಭಾಷೆಯು ೨೦೧೨ರಲ್ಲಿ ‘ವಿಚ್’ ಎಂಬ ಶೋಧಕವನ್ನು ಕೊಟ್ಟಿತು. ೨೦೨೩ರ ಆವೃತ್ತಿಯಿಂದ ಅದು ವಿಂಡೋಸ್‌ನಲ್ಲಿ ಮೇಲೆ ಹೇಳಿದ ಸೂಚಕವನ್ನು ಗಮನಿಸುತ್ತದೆ. ಆದರೂ ಒಂದು ನ್ಯೂನತೆ ಉಳಿಯುತ್ತದೆ. ಹುಡುಕುವ ಸಾಧನ ಒಂದು, ನಡೆಸುವ ಸಾಧನ ಮತ್ತೊಂದು; ಎರಡರ ಶೋಧಕ್ರಮಗಳೂ ವಿಂಡೋಸ್‌ನಲ್ಲಿ ಒಂದೇ ಅಲ್ಲ. ಒಂದರಿಂದ ಹುಡುಕಿ ತೃಪ್ತರಾಗಿ, ಇನ್ನೊಂದಕ್ಕೆ ಪುನಃ ಬರಿಯ ಹೆಸರನ್ನೇ ಕೊಟ್ಟರೆ ಹುಡುಕಿದುದು ವ್ಯರ್ಥ. ಹಸ್ತಪ್ರತಿಯೊಂದನ್ನು ಪರೀಕ್ಷಿಸಿ, ಉದ್ಧರಿಸುವಾಗ ಬೇರೊಂದು ಪ್ರತಿಯನ್ನು ನೋಡಿ ಬರೆದ ಸಂಪಾದಕನ ತಪ್ಪಿಗೆ ಇದು ಸಮಾನ.

ನಮಗೆ ಹೆಚ್ಚು ಮೆಚ್ಚುಗೆಯಾಗುವುದು ಗೋ ಭಾಷೆಯವರು ೨೦೨೨ರ ಆಗಸ್ಟಿನಲ್ಲಿ ೧.೧೯ನೆಯ ಆವೃತ್ತಿಯಲ್ಲಿ ಕೈಗೊಂಡ ನಿರ್ಧಾರ. ಹೆಸರಿನಿಂದ ಹುಡುಕಿದಾಗ ಸಿಕ್ಕಿದ ಪ್ರೋಗ್ರಾಮು ನಿಂತ ಫೋಲ್ಡರಿನದಾಗಿದ್ದರೆ ಅವರ ಶೋಧಕವು ಅದನ್ನು ಸದ್ದಿಲ್ಲದೆ ನಡೆಸುವುದಿಲ್ಲ, ಕಾಣಲಿಲ್ಲವೆಂದು ಸುಳ್ಳನ್ನೂ ಹೇಳುವುದಿಲ್ಲ. ‘ಸಿಕ್ಕಿದೆ, ಆದರೆ ಸಂಶಯಾಸ್ಪದವಾದ ಸ್ಥಳದಲ್ಲಿ ಸಿಕ್ಕಿದೆ’ ಎಂಬ ಅರ್ಥದ ದೋಷವನ್ನು ಹಿಂದಿರುಗಿಸುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಭೇದವಿಲ್ಲದೆ ಎಲ್ಲೆಡೆಯೂ ಇದೇ ನಿಯಮ. ಇದರಿಂದ ಹಳೆಯ ಪ್ರೋಗ್ರಾಮುಗಳು ಕೆಲವು ನಿಂತುಹೋಗಬಹುದೆಂದು ತಿಳಿದೂ ಅವರು ಇದನ್ನು ಕೈಗೊಂಡರು. ಸಂಶಯವನ್ನು ಸಂಶಯವೆಂದೇ ವರದಿ ಮಾಡುವ ಈ ಪ್ರಾಮಾಣಿಕತೆಯು ಶಾಸನಸಂಪಾದಕನು ತ್ರುಟಿತ ಅಕ್ಷರವನ್ನು ಕಂಸದಲ್ಲಿಡುವ ಪ್ರಾಮಾಣಿಕತೆಗೆ ಸಮನಾದುದು.

೬

ಈ ವಿಮರ್ಶೆಯಿಂದ ನಮ್ಮ ಕಾಲೇಜುಗಳಿಗೆ ಅನ್ವಯಿಸುವ ಕೆಲವು ನಿಯಮಗಳು ಫಲಿಸುತ್ತವೆ. ಒಂದನೆಯದಾಗಿ, ಶೋಧಪಟ್ಟಿಯಲ್ಲಿ ನಿಂತ ಫೋಲ್ಡರಾಗಲಿ, ಅದನ್ನೇ ಸೂಚಿಸುವ ಚುಕ್ಕೆಯಾಗಲಿ, ಬರಿದಾದ ಸ್ಥಾನವಾಗಲಿ ಇರಕೂಡದು. ಪಟ್ಟಿಯ ಕೊನೆಯಲ್ಲಿಟ್ಟರೆ ಬಾಧೆಯಿಲ್ಲವೆಂಬ ವಾದವು ಸಾಧುವಲ್ಲ; ಆಜ್ಞೆಯನ್ನು ಬರೆಯುವಾಗ ಒಂದಕ್ಷರ ತಪ್ಪಿದರೂ ಶೋಧವು ಕೊನೆಯವರೆಗೆ ಹೋಗುತ್ತದೆ. ಎರಡನೆಯದಾಗಿ, ಎಲ್ಲರೂ ಬರೆಯಬಹುದಾದ ಫೋಲ್ಡರು ಪಟ್ಟಿಯಲ್ಲಿರಬಾರದು. ಮೂರನೆಯದಾಗಿ, ಹುಡುಕಿ ದೊರೆತ ಪೂರ್ಣ ವಿಳಾಸವನ್ನೇ ನಡೆಸುವ ಸಾಧನಕ್ಕೆ ಕೊಡಬೇಕು. ಹೆಸರನ್ನು ಮತ್ತೊಮ್ಮೆ ಹುಡುಕಲು ಬಿಡಬಾರದು. ನಾಲ್ಕನೆಯದಾಗಿ, ಸಿಗದಿದ್ದರೆ ನಿಲ್ಲಬೇಕು. ವಿಂಡೋಸ್ ೧೦ರಲ್ಲಿ ೨೦೧೯ರಿಂದ, ಪೈಥಾನನ್ನು ಸ್ಥಾಪಿಸದ ಯಂತ್ರದಲ್ಲಿಯೂ ‘ಪೈಥಾನ್’ ಎಂದು ಕರೆದರೆ ಓಗೊಡುವ ಒಂದು ಪ್ರತಿನಿಧಿಯಿರುತ್ತದೆ. ಅದು ಪೈಥಾನಲ್ಲ, ಅದನ್ನು ಪಡೆಯುವ ಅಂಗಡಿಯ ಬಾಗಿಲು. ಓಗೊಟ್ಟವರೆಲ್ಲ ಕರೆದವರಲ್ಲ.

ಐದನೆಯ ನಿಯಮವು ಯಂತ್ರಕ್ಕಲ್ಲ, ನಮಗೇ ಸೇರಿದುದು. ಗಣಕಯಂತ್ರದ ನೆರವಿನಿಂದ ಪಟ್ಟಿಯನ್ನೋ ಚಿತ್ರವನ್ನೋ ಸಿದ್ಧಪಡಿಸಿದ ಪ್ರಬಂಧದಲ್ಲಿ, ಯಾವ ಪ್ರೋಗ್ರಾಮು, ಯಾವ ಆವೃತ್ತಿ, ಯಾವ ವ್ಯವಸ್ಥೆ, ಯಾವ ನೆಲೆ ಎಂಬ ನಾಲ್ಕು ಸಂಗತಿಗಳನ್ನು ನಮೂದಿಸಬೇಕು. ಶಾಸನವನ್ನು ಉದ್ಧರಿಸುವಾಗ ಸಂಪುಟವನ್ನೂ ಸಂಖ್ಯೆಯನ್ನೂ ಬಿಡದೆ ಬರೆಯುವ ನಾವು, ಆ ಶಾಸನದ ಚಿತ್ರವನ್ನು ಮಾರ್ಪಡಿಸಿದ ಸಾಧನದ ವಿಷಯದಲ್ಲಿ ‘ಕಂಪ್ಯೂಟರಿನ ಸಹಾಯದಿಂದ’ ಎಂದಷ್ಟೇ ಹೇಳಿ ಮುಗಿಸುವುದು ಶಾಸ್ತ್ರಕ್ಕೆ ಶೋಭಿಸದು.

ಇದನ್ನು ಯಂತ್ರಜ್ಞರ ಹೊಣೆಯೆಂದು ತಳ್ಳಿಹಾಕುವುದು ಸುಲಭ. ಆದರೆ ರೋಣ, ನರಗುಂದ, ಗಜೇಂದ್ರಗಡಗಳ ಹಳ್ಳಿಗಳಲ್ಲಿ ಬಯಲಿನಲ್ಲಿ ಬಿದ್ದ ಕಲ್ಲುಗಳೆಷ್ಟೋ ಮನೆಯ ಗೋಡೆಗೋ ಬಾವಿಯ ಕಟ್ಟೆಗೋ ಸೇರಿಹೋಗಬಹುದಾದಂಥವು. ಅಂಥ ಕಲ್ಲೊಂದರ ಬರಹಕ್ಕೆ ವಿದ್ಯಾರ್ಥಿಯೊಬ್ಬನು ತೆಗೆದ ಚಿತ್ರವೇ ಮುಂದೆ ಏಕಮಾತ್ರ ಸಾಕ್ಷಿಯಾಗುವ ಸಂಭವವುಂಟು. ಆ ಚಿತ್ರವಿರುವ ಫೋಲ್ಡರಿನಲ್ಲಿ ಹೆಸರು ಮರೆಸಿಕೊಂಡ ಪ್ರೋಗ್ರಾಮೊಂದು ಒಮ್ಮೆ ನಡೆದರೆ ಸಾಕ್ಷಿಯು ಅಳಿಯಬಹುದು. ಅಳಿಯುವುದಕ್ಕಿಂತ ಕೆಡುಕಾಗಿ, ತಿಳಿಯದಂತೆ ಬದಲಾಗಬಹುದು. ಕೂಟಶಾಸನಗಳನ್ನು ಗುರುತಿಸುವ ವಿದ್ಯೆಯನ್ನು ಹಿಂದಿನ ವಿದ್ವಾಂಸರು ನಮಗೆ ಕೊಟ್ಟಿದ್ದಾರೆ. ಆ ವಿದ್ಯೆಯನ್ನು ಕಲ್ಲು ತಾಮ್ರಗಳಿಗೆ ಮಾತ್ರ ಮೀಸಲಾಗಿಡದೆ, ನಮ್ಮ ಮೇಜಿನ ಮೇಲಿನ ಯಂತ್ರಕ್ಕೂ ಅನ್ವಯಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವಾಗಿದೆ.